ಬೈಂಡಿಂಗ್ ಗಟ್ಟಿ, ಗುಟ್ಟು ಸಡಿಲ: ಕಾರವಾರದ ಒಂದು ಝೆರಾಕ್ಸ್ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಬರೆಯುವುದಿಲ್ಲ. ದುಡಿದು ತಿನ್ನುವವರ ಹೊಟ್ಟೆ ಮೇಲೆ ಹೊಡೆಯುವ ಆಸೆ ನನಗಿಲ್ಲ. ಅದೂ ಅಲ್ಲದೆ ನನ್ನ ದೂರು ಅದೊಂದೇ ಅಂಗಡಿಗೆ ಸೇರಿದ್ದೂ ಅಲ್ಲ. ಕಾರವಾರದಲ್ಲಿ ಸರ್ಕಾರಿ ಕಚೇರಿ ಇರುವ ಕಡೆಯೆಲ್ಲ ಇಂಥ ಅಂಗಡಿ ಇವೆ. ಎರಡು ಝೆರಾಕ್ಸ್ ಮಷಿನ್, ಒಂದು ಕಂಪ್ಯೂಟರ್, ಲ್ಯಾಮಿನೇಷನ್, ಅರ್ಜಿ ಫಾರಂ, ಸ್ಟ್ಯಾಂಪ್ ಪ್ಯಾಡ್, ಮೂಲೆಯಲ್ಲಿ ಬೈಂಡಿಂಗ್ ಕೆಲಸ. ನಾನು ಹದಿನೈದು ವರ್ಷದಿಂದ ಹೋಗುವುದು ಒಂದಕ್ಕೇ. ಹಾಗಾಗಿ ಹೊಗಳಿಕೆಯೂ ಬೈಗುಳವೂ ಹಕ್ಕಿನಿಂದಲೇ ಬರುತ್ತಿದೆ ಅಂತ ತಿಳಿಯಿರಿ.

ನಾನು ಅಂಕೋಲಾ ಕಡೆಯ ಸರ್ಕಾರಿ ಶಾಲೆಯ ಶಿಕ್ಷಕಿ. 2027ರಲ್ಲಿ ನಿವೃತ್ತಿ. ನಿವೃತ್ತಿ ಹತ್ತಿರ ಬಂದವರಿಗೆಲ್ಲ ಇರುವ ಒಂದೇ ಚಿಂತೆ ಎಸ್ಆರ್, ಅಂದರೆ ಸೇವಾ ವಹಿ. ಎಲ್ಲಿ ಒಂದು ಇನ್‌ಕ್ರಿಮೆಂಟ್ ನಮೂದು ಬಿಟ್ಟಿದೆ, ಎಲ್ಲಿ ಸಹಿ ಇಲ್ಲ, ಎಲ್ಲಿ ರಜೆ ಲೆಕ್ಕ ತಪ್ಪಿದೆ ಅಂತ ಈಗಲೇ ನೋಡಿಕೊಳ್ಳದಿದ್ದರೆ, ಪೆನ್ಶನ್ ಕಾಗದ ಬೆಂಗಳೂರಿನ ಎಜಿ ಆಫೀಸಿಗೆ (ಮಹಾಲೇಖಪಾಲರ ಕಚೇರಿಗೆ) ಹೋಗಿ ಆಕ್ಷೇಪಣೆ ಹೊತ್ತು ವಾಪಸ್ ಬರುತ್ತದೆ, ಆಮೇಲೆ ಓಡಾಡುವವರು ನಾವೇ. ಅದಕ್ಕೇ ನನ್ನ ಎಸ್ಆರ್ ಪೂರ್ತಿ ಒಂದು ನಕಲು ಬೇಕು, ಸ್ಕ್ಯಾನ್ ಪ್ರತಿಯೂ ಬೇಕು ಅಂತ ಕಚೇರಿಯಲ್ಲಿ ಕೇಳಿದೆ. ಗುಮಾಸ್ತರು ಒಳ್ಳೆಯವರೇ. "ನಮ್ಮ ಮಷಿನ್‌ಗೆ ಟೋನರ್ ಇಲ್ಲ ಅಕ್ಕೋರೇ. ಜವಾನನ್ನ ಕಳಿಸ್ತೇನೆ, ನೀವೂ ಜೊತೆಗೆ ಹೋಗಿ ಮಾಡಿಸ್ಕೊಂಡು ಬನ್ನಿ. ಹಾಗೇ ಬೈಂಡಿಂಗೂ ಬಿಚ್ಚಿ ಹೋಗಿದೆ, ಹಾಕಿಸಿಬಿಡಿ" ಅಂದರು. ಅಂದರೆ ಕಪಾಟಿನಲ್ಲಿ ಬೀಗ ಹಾಕಿ ಇಡಬೇಕಾದ ವಹಿ ಪ್ಲಾಸ್ಟಿಕ್ ಚೀಲದಲ್ಲಿ ಬೀದಿಗೆ ಬಂತು. ಆ ಹೊತ್ತಿಗೆ ನನಗೂ ಅದು ತಪ್ಪು ಅನ್ನಿಸಲಿಲ್ಲ.

ಮೊದಲು ಕೆಲಸದ ಬಗ್ಗೆ. ಅಬ್ಬಾ, ಕೆಲಸ ಅಂದರೆ ಕೆಲಸ! ನಮ್ಮ ಕರಾವಳಿಯ ಮಳೆಗಾಲದ ಥಂಡಿಗೆ ಕಾಗದ ಉಳಿಯುವುದೇ ದೊಡ್ಡದು. ನನ್ನ ವಹಿಯಲ್ಲಿ ನಾಲ್ಕು ಹಾಳೆ ಒಂದಕ್ಕೊಂದು ಅಂಟಿ ಹಪ್ಪಳ ಆಗಿದ್ದವು, ಅಂಚಿಗೆ ಬೂಷ್ಟು, ಹುಳ ಕೊರೆದ ತೂತು ಬೇರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತಿರುವ ಅಜ್ಜ ಅದನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿದರು. ನಿಜವಾಗಿಯೂ ಮೂಸಿದರು. ಆಮೇಲೆ ಸ್ಟೀಲ್ ಸ್ಕೇಲಿನ ತುದಿಯಿಂದ ಒಂದೊಂದೇ ಹಾಳೆ ಬಿಡಿಸಿ, ಹರಿದಲ್ಲಿ ತೆಳು ಕಾಗದ ಅಂಟಿಸಿ, ದಾರದಿಂದ ಹೊಲಿದು, ಬೆನ್ನಿಗೆ ಹೊಸ ರೆಕ್ಸಿನ್ ಹಾಕಿದರು. ಅಂಟು ಬಾಟಲಿಯದ್ದಲ್ಲ, ಮೈದಾ ಕುದಿಸಿ ಮಾಡಿದ್ದು. ಹುಳ ಬೀಳಬಾರದು ಅಂತ ಅದಕ್ಕೆ ಚೂರು ಮೈಲುತುತ್ತ. ನಮ್ಮ ತವರಲ್ಲಿ ಮಳೆಗಾಲಕ್ಕೆ ಅಡಿಕೆ ಕೊನೆಗೆ ಮದ್ದು ಹೊಡೆಯಲು ಸುಣ್ಣದ ಜೊತೆ ಕಲೆಸುವ ಅದೇ ನೀಲಿ ಮೈಲುತುತ್ತ! ಆ ನೀಲಿ ಬಣ್ಣ ಅಂಟಿನಲ್ಲಿ ನೋಡಿ ನನಗೆ ನಗುವೇ ಬಂತು. ಎರಡು ದಿನಕ್ಕೆ ಕೊಡುತ್ತೇನೆ ಅಂದವರು ಎರಡು ದಿನಕ್ಕೇ ಕೊಟ್ಟರು. 250 ರೂಪಾಯಿ. ಝೆರಾಕ್ಸ್ ಪುಟಕ್ಕೆ 2, ಸ್ಕ್ಯಾನ್‌ಗೆ 3. ಸ್ಕ್ಯಾನ್ ಎಷ್ಟು ಚೊಕ್ಕ ಅಂದರೆ 1996ರ ಮಸುಕು ಶಾಯಿಯ ಸಹಿ ಕೂಡ ಓದಬಹುದು. ಕೆಲಸಕ್ಕೆ ಐದಕ್ಕೆ ಐದು, ಅದರಲ್ಲಿ ಎರಡು ಮಾತಿಲ್ಲ.

ಈಗ ಇನ್ನೊಂದು ವಿಷಯ.

ಸ್ಕ್ಯಾನ್ ಮಾಡುತ್ತಾ ಕೂತ ಹುಡುಗ (ಹುಡುಗ ಅಂತೀನಿ, ನಲವತ್ತು ದಾಟಿರಬೇಕು) ಪುಟ ತಿರುವುತ್ತಾ ತಿರುವುತ್ತಾ ತಲೆ ಎತ್ತಿ ಕೇಳಿದ: "ಅಕ್ಕೋರೇ, 2009ರಲ್ಲಿ ನಾಲ್ಕು ತಿಂಗಳು ಪಗಾರ ಇಲ್ಲದ ರಜೆ ಹಾಕಿದ್ರಲ್ಲ, ಆರಾಮ ಇರ್ಲಿಲ್ವಾ?"

ಅಂಗಡಿಯಲ್ಲಿ ಆಗ ಆರು ಜನ ಇದ್ದರು. ಒಬ್ಬರು ನನ್ನ ಹಳೆಯ ಸಹೋದ್ಯೋಗಿ.

ಕೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ, ಅದು ನನಗೆ ಗೊತ್ತು. ಕಾಳಜಿಯಿಂದಲೇ ಕೇಳಿದ. ಆದರೆ ಆ ನಾಲ್ಕು ತಿಂಗಳಲ್ಲಿ ಏನಾಗಿತ್ತು ಅನ್ನುವುದು ನಮ್ಮ ಮನೆಯ ಮೂರು ಜನಕ್ಕೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಎಸ್ಆರ್‌ನಲ್ಲಿ ಇರುವುದು ಒಂದೇ ಸಾಲು, ಕೆಂಪು ಶಾಯಿಯಲ್ಲಿ. ಆ ಒಂದು ಸಾಲು ಸಾಕಾಯಿತು. "ಹೌದಪ್ಪ, ಜ್ವರ" ಅಂದೆ. ನಾಲ್ಕು ತಿಂಗಳ ಜ್ವರ!

ಸೇವಾ ವಹಿ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ಮೊದಲ ಪುಟದಲ್ಲೇ ಅಪ್ಪನ ಹೆಸರು, ಜಾತಿ, ಹುಟ್ಟಿದ ದಿನ, ಎತ್ತರ, ಮೈಮೇಲಿನ ಮಚ್ಚೆ, ಎಡಗೈ ಬೆರಳುಗಳ ಗುರುತು, ಸಹಿ. ಮುಂದೆ ಪ್ರತಿ ವರ್ಷದ ಪಗಾರ, ವರ್ಗಾವಣೆ, ರಜೆ, ನಾಮಿನಿ ಯಾರು, ನೋಟಿಸ್ ಬಂದಿದ್ದರೆ ಅದು, ದಂಡನೆ ಆಗಿದ್ದರೆ ಅದೂ. ಬ್ಯಾಂಕಿನವರು ನಿಮ್ಮ ಗುರುತು ಕೇಳಿ ಫೋನಿನಲ್ಲಿ ಏನೇನು ಪ್ರಶ್ನೆ ಹಾಕುತ್ತಾರೋ ಅದಕ್ಕೆಲ್ಲ ಉತ್ತರ ಇದರಲ್ಲಿದೆ. ಪಾಸ್‌ವರ್ಡ್ ಆದರೆ ಬದಲಿಸಬಹುದು, ಬೆರಳಿನ ಗುರುತು ಎಲ್ಲಿಂದ ಬದಲಿಸೋದು?

ಅವತ್ತು ಅದನ್ನು ಮರೆತುಬಿಡುತ್ತಿದ್ದೆನೋ ಏನೋ. ಆದರೆ ಹುಡುಗ ಲೆಕ್ಕ ಮಾಡಿ ಒಂದು ಚೀಟಿಯಲ್ಲಿ ಬರೆದುಕೊಟ್ಟ: ಝೆರಾಕ್ಸ್ ಇಷ್ಟು, ಸ್ಕ್ಯಾನ್ ಇಷ್ಟು, ಬೈಂಡಿಂಗ್ 250, ಒಟ್ಟು ಇಷ್ಟು. ಬಸ್ಸಿನಲ್ಲಿ ಕೂತು ಚೀಟಿ ತಿರುಗಿಸಿದರೆ ಹಿಂದೆ ಯಾರದೋ ಪಗಾರ ಪಟ್ಟಿ. ಅರ್ಧಕ್ಕೆ ಹರಿದದ್ದು, ಆದರೆ ಹೆಸರು ಇದೆ, ಹುದ್ದೆ ಇದೆ, ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆ) ನಂಬರ್ ಇದೆ, ಸೊಸೈಟಿ ಸಾಲದ ಕಡಿತವೂ ಇದೆ. ಅಂದರೆ ಇವರು ಪ್ರಿಂಟ್ ಸರಿ ಬಾರದ ಹಾಳೆಯನ್ನೆಲ್ಲ ನಾಲ್ಕು ತುಂಡು ಮಾಡಿ ಚೀಟಿ ಮಾಡಿಕೊಳ್ಳುತ್ತಾರೆ. ಉಳಿದದ್ದು ಕಿಲೋ ಲೆಕ್ಕದಲ್ಲಿ ರದ್ದಿಗೆ. ರದ್ದಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಡಿ, ಟಾಗೋರ್ ಬೀಚಿನಲ್ಲಿ ಶೇಂಗಾ ತಿನ್ನುವಾಗ ಪೊಟ್ಟಣ ಬಿಡಿಸಿ ಓದುವ ಅಭ್ಯಾಸ ನನಗೆ ಅಂದಿನಿಂದ ಬಂದಿದೆ.

ಆಮೇಲೆ ಹಳೆಯದೆಲ್ಲ ನೆನಪಾಗತೊಡಗಿತು. ಎರಡು ವರ್ಷದ ಹಿಂದೆ ಆಸ್ತಿ ಮತ್ತು ಸಾಲದ ಪಟ್ಟಿ ಟೈಪ್ ಮಾಡಿಸಿದ್ದು ಇಲ್ಲೇ. ಪ್ರತಿ ವರ್ಷ ಕೊಡಬೇಕಲ್ಲ ಅದು. ಇವರು ಮಾಡುವುದು ಏನು ಅಂದರೆ, ಹಿಂದಿನ ಗಿರಾಕಿಗೆ ನುಡಿಯಲ್ಲಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಮಾಡಿದ ಫೈಲ್ ತೆರೆದು, ಹೆಸರು ಅಳಿಸಿ, ನಮ್ಮ ಹೆಸರು ಹಾಕಿ, ಅಂಕಿ ಬದಲಿಸುವುದು. ಬೇಗ ಆಗುತ್ತದೆ. ನಾನೂ ಕನ್ನಡಕ ಮರೆತು ಹೋಗಿದ್ದೆ, ಸಹಿ ಹಾಕಿ ಕೊಟ್ಟೂ ಬಿಟ್ಟೆ. ಕಚೇರಿಯಿಂದ ಫೋನ್ ಬಂತು, "ಅಕ್ಕೋರೇ, ನಿಮಗೆ ಸಿದ್ದಾಪುರದಲ್ಲಿ 2 ಎಕರೆ ಅಡಿಕೆ ತೋಟ ಯಾವಾಗ ಬಂತು?" ಹಿಂದಿನ ಗಿರಾಕಿಯ ತೋಟ ನನ್ನ ಪಟ್ಟಿಯಲ್ಲಿ ಹಾಗೇ ಉಳಿದಿತ್ತು. ಆಗ ಎಲ್ಲರೂ ನಕ್ಕೆವು, ನಾನೂ ಸಹ. ಈಗ ಯೋಚಿಸಿದರೆ, ನನ್ನ ಬಂಗಾರದ ಗ್ರಾಂ ಲೆಕ್ಕ ಮುಂದಿನವರ ಯಾರ ಪಟ್ಟಿಯಲ್ಲಿ ಕೂತಿದೆಯೋ ದೇವರಿಗೇ ಗೊತ್ತು.

ಎಚ್ಆರ್‌ಎಂಎಸ್‌ದು ಇನ್ನೂ ಒಂದು ಕತೆ. ಅದು ನಮ್ಮ ಪಗಾರದ ಲೆಕ್ಕ ಇಡುವ ಸರ್ಕಾರಿ ವೆಬ್‌ಸೈಟ್. ಪಗಾರ ಪಟ್ಟಿ ತೆಗೆಯಲು ಹೋದರೆ ಲಾಗಿನ್ ಆ ಹುಡುಗನೇ ಮಾಡುತ್ತಾನೆ. ನಂಬರ್ ಹಾಕುವ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿದರೆ ಸಾಕು, ಕೆಳಗೆ ಏಳೆಂಟು ಜನರ ನಂಬರ್ ಸಾಲಾಗಿ ಇಳಿದು ಬರುತ್ತವೆ. ಬ್ರೌಸರ್ ಎಲ್ಲವನ್ನೂ ನೆನಪಿಟ್ಟುಕೊಂಡಿದೆ. ನನ್ನದು ಮೂರನೆಯದು. ಪಾಸ್‌ವರ್ಡ್ ಜಾಗದಲ್ಲಿ ಚುಕ್ಕಿ ಚುಕ್ಕಿ ತಾನಾಗೇ ತುಂಬಿಕೊಂಡಿತು. "ನೋಡಿ ಅಕ್ಕೋರೇ, ನೀವು ನೆನಪಿಡೋದೇ ಬೇಡ" ಅಂದ, ಹೆಮ್ಮೆಯಿಂದ. ಓಟಿಪಿ ಬಂದರೆ ಅಂಗಡಿ ಬಾಗಿಲಿನಿಂದಲೇ ಕೂಗಿ ಹೇಳುವವರು ನಾವು.

ಇಷ್ಟೆಲ್ಲ ಆದ ಮೇಲೆ ಒಂದು ವಾರಕ್ಕೆ ಗುರುತಿಲ್ಲದ ನಂಬರಿನಿಂದ ಫೋನ್. "ಮೇಡಂ, ಬರುವ ವರ್ಷ ರಿಟೈರ್ ಆಗ್ತಿದ್ದೀರಲ್ಲ, ಗ್ರಾಚ್ಯುಟಿ ಹಣ ಎಲ್ಲಿ ಹಾಕ್ತೀರಿ?" ನನ್ನ ಮೂಲ ವೇತನ ಸಹ ಸರಿಯಾಗಿ ಹೇಳಿದ. ಇದು ಈ ಅಂಗಡಿಯಿಂದಲೇ ಹೋಯಿತು ಅಂತ ನಾನು ಹೇಳುವುದಿಲ್ಲ, ಹೇಳಲು ನನ್ನ ಹತ್ತಿರ ಆಧಾರ ಇಲ್ಲ. ಕಚೇರಿಯಿಂದ ಹೋಗಿರಬಹುದು, ಬ್ಯಾಂಕಿನಿಂದ ಹೋಗಿರಬಹುದು, ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕುವ ಪಟ್ಟಿಗಳಿಂದಲೂ ಹೋಗಿರಬಹುದು. ಸೋರುವ ಮಾಡಿನಲ್ಲಿ ಯಾವ ಹಂಚಿನಿಂದ ನೀರು ಬಿತ್ತು ಅಂತ ಹೇಗೆ ಹೇಳೋದು?

ಒಂದು ಮಾತು. ಸರ್ಕಾರಿ ನೌಕರರ ಪಗಾರವೇ ಗುಟ್ಟು ಅಂತ ನಾನು ವಾದ ಮಾಡುತ್ತಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ ಯಾವ ನೌಕರರಿಗೆ ತಿಂಗಳಿಗೆ ಎಷ್ಟು ಸಂಬಳ ಅಂತ ಕಚೇರಿಯೇ ಪ್ರಕಟಿಸಬೇಕು. ಜನರ ದುಡ್ಡು, ಜನರಿಗೆ ಗೊತ್ತಿರಬೇಕು, ಸರಿಯೇ. ಆದರೆ ಆ ಸಂಬಳದಲ್ಲಿ ಎಷ್ಟು ಸಾಲಕ್ಕೆ ಹೋಗುತ್ತದೆ, ನಾಮಿನಿ ಯಾರು, ಯಾವಾಗ ಕಾಯಿಲೆ ಬಿದ್ದೆ, ಇದೆಲ್ಲ ಬೇರೆ. 2012ರಲ್ಲಿ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತ್ತು. ನೌಕರನಿಗೆ ಕೊಟ್ಟ ಮೆಮೊ, ನೋಟಿಸ್, ಶಿಕ್ಷೆ, ಅವನ ಆಸ್ತಿ ವಿವರ, ಇವೆಲ್ಲ ವೈಯಕ್ತಿಕ ಮಾಹಿತಿ, ದೊಡ್ಡ ಸಾರ್ವಜನಿಕ ಹಿತ ಇದ್ದರೆ ಮಾತ್ರ ಕೊಡಬಹುದು ಅಂತ. ಬೇರೆಯವರು ನನ್ನ ಬಗ್ಗೆ ಆರ್‌ಟಿಐ ಹಾಕಿ ಇಂಥದ್ದು ಕೇಳಿದರೆ, ಕೊಡುವ ಯೋಚನೆ ಇದ್ದರೆ ಅಧಿಕಾರಿ 5 ದಿನದೊಳಗೆ ನನಗೆ ನೋಟಿಸ್ ಕಳಿಸಬೇಕು, ಆಕ್ಷೇಪ ಹೇಳಲು ನನಗೆ 10 ದಿನ ಸಮಯ ಇದೆ. ಕಾಯ್ದೆಯಲ್ಲಿ ಇಷ್ಟೆಲ್ಲ ಬಾಗಿಲು, ಚಿಲಕ, ಅಗಳಿ. ಅದೇ ಕಾಗದ ಅಂಗಡಿಯ ಡೆಸ್ಕ್‌ಟಾಪ್ ಮೇಲೆ ನನ್ನ ಹೆಸರಿನಲ್ಲೇ ಸೇವ್ ಆಗಿ ಕೂತಿದೆ, ಪ್ರಿಂಟ್ ಬೇಕಿದ್ದರೆ ಪುಟಕ್ಕೆ ಎರಡು ರೂಪಾಯಿ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರಲ್ಲ, ಆ ಮೊಕದ್ದಮೆ ಹಾಕಿದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬಂತು, ಅದರ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಈ ಕಾಯ್ದೆಯ ಮಜಾ ನೋಡಿ, ಅದು ನೋಡಿಕೊಳ್ಳುವುದು ಡಿಜಿಟಲ್ ರೂಪದ ಮಾಹಿತಿಯನ್ನು, ಅಥವಾ ಕಾಗದದಿಂದ ಡಿಜಿಟಲ್ ಮಾಡಿದ್ದನ್ನು. ಅಂದರೆ ನನ್ನ ಎಸ್ಆರ್‌ನ ಪಿಡಿಎಫ್‌ಗೆ ಕಾನೂನು ಇದೆ, ಚೀಟಿ ಹಿಂದಿನ ಪಗಾರ ಪಟ್ಟಿಗೆ ಇಲ್ಲ. ದಂಡ 250 ಕೋಟಿ ರೂಪಾಯಿವರೆಗೆ ಹಾಕಬಹುದಂತೆ. ನಮ್ಮ ಅಂಗಡಿಯವನಿಗೆ ಇದನ್ನು ಹೇಳಿದರೆ ಪುಟಕ್ಕೆ ಎರಡು ರೂಪಾಯಿಯಂತೆ ಎಷ್ಟು ಝೆರಾಕ್ಸ್ ತೆಗೆಯಬೇಕು ಅಂತ ಲೆಕ್ಕ ಹಾಕಲು ಕೂತ. ಇದೇ ಕಾಯ್ದೆ ಮಾಹಿತಿ ಹಕ್ಕಿನ ಕಲಮನ್ನೂ ತಿದ್ದಿ ಬಿಗಿ ಮಾಡಿದೆ, ಲಂಚ ತಿಂದವರಿಗೆ ಇದು ಒಳ್ಳೆಯ ಕೊಡೆ ಆಗುತ್ತದೆ ಅಂತ ಆರ್‌ಟಿಐ ಹಾಕುವವರ ಸಿಟ್ಟು. ಆ ಸಿಟ್ಟು ಪೂರ್ತಿ ಸುಳ್ಳು ಅಂತ ನನಗೂ ಅನ್ನಿಸುವುದಿಲ್ಲ. ಕೇಳಬೇಕಾದವರಿಗೆ ಸಿಗುವುದಿಲ್ಲ, ಕೇಳದೇ ಇದ್ದವರ ಕೈಗೆ ಶೇಂಗಾ ಜೊತೆ ಸಿಗುತ್ತದೆ.

ಇನ್ನು ಗೋಪ್ಯ ವರದಿ, ಅಂದರೆ ನೌಕರನ ಕೆಲಸ ಹೇಗಿದೆ ಅಂತ ಮೇಲಧಿಕಾರಿ ಬರೆಯುವ ವರದಿ. ಅದರ ಹೆಸರಲ್ಲೇ ಗೋಪ್ಯ ಇದೆ! ಲಕೋಟೆಗೆ ಅರಗು ಹಾಕಿ ಮುದ್ರೆ ಒತ್ತಿ ಮೇಲೆ ಕಳಿಸುತ್ತಾರೆ. ಆದರೆ ಲಕೋಟೆಗೆ ಹಾಕುವ ಮೊದಲು ಮೂರು ಪ್ರತಿ ಬೇಕಲ್ಲ, ಅದಕ್ಕೆ ಜವಾನ ಇಲ್ಲಿಗೇ ಬರುತ್ತಾನೆ. ವರದಿಯಲ್ಲಿ ಬರೆದದ್ದನ್ನು ನೌಕರನಿಗೆ ತಿಳಿಸಲೇಬೇಕು ಅಂತ 2008ರಲ್ಲೇ ದೇವ್ ದತ್ ಪ್ರಕರಣದಲ್ಲಿ ತೀರ್ಪು ಬಂದಿದೆ. ಪರವಾಗಿಲ್ಲ, ನಿಧಾನಕ್ಕೆ ತಿಳಿಸಲಿ. ಝೆರಾಕ್ಸ್ ಅಂಗಡಿಗೆ ಮೊದಲೇ ತಿಳಿದಿರುತ್ತದೆ.

ಕಡೆಗೆ ನಾನೇ ಒಂದು ದಿನ ಹೋಗಿ ಕೂತೆ. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಊಟಕ್ಕೆ ಬಂದ್, ಕಾರವಾರದಲ್ಲಿ ಅದನ್ನು ಯಾರೂ ತಪ್ಪಿಸಲಾರರು. ಮೂರಕ್ಕೆ ಬಾಗಿಲು ತೆಗೆಯುವ ಹೊತ್ತಿಗೆ ಹಾಜರಾದೆ, ಗಿರಾಕಿ ಇರಲಿಲ್ಲ. ಜಗಳ ಮಾಡಲಿಲ್ಲ. ಹುಡುಗನಿಗೆ ಚೀಟಿ ತಿರುಗಿಸಿ ತೋರಿಸಿದೆ. ಅವನ ಮುಖ ಸಣ್ಣದಾಯಿತು. "ಅಯ್ಯೋ, ಇವರು ನಮ್ಮ ಓಣಿಯವರೇ" ಅಂದ. ಆಮೇಲೆ ನನ್ನ ಫೈಲ್ ಹುಡುಕಿದೆವು. ಡೆಸ್ಕ್‌ಟಾಪ್ ಮೇಲೆ ಒಂದು, ಡೌನ್‌ಲೋಡ್‌ನಲ್ಲಿ ಎರಡು, ನನಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದರಿಂದ ಅವನ ಫೋನಿನಲ್ಲಿ ಒಂದು. (ವಾಟ್ಸಾಪ್‌ನಲ್ಲೇ ಕಳಿಸು ಅಂದವಳು ನಾನೇ, ಪೆನ್‌ಡ್ರೈವ್ ತರಲು ಬೇಜಾರಾಗಿ.) ಒಂದೊಂದೇ ಅಳಿಸಿದ. "ರೀಸೈಕಲ್ ಬಿನ್?" ಅಂದೆ. ಅದನ್ನು ತೆರೆದರೆ ಒಂದು ಇಡೀ ಇಲಾಖೆಯೇ ಒಳಗಿತ್ತು. ಅದನ್ನೂ ಖಾಲಿ ಮಾಡಿಸಿದೆ. ಬ್ರೌಸರಿನಲ್ಲಿ ಉಳಿದಿದ್ದ ನಂಬರ್‌ಗಳನ್ನೂ ಅಳಿಸಿದ, ಆದರೆ ಮುಖ ನೋಡಿದರೆ ಸ್ವಂತ ಗದ್ದೆ ಮಾರಿದವನ ಹಾಗೆ. ದೊಡ್ಡ ಮಷಿನ್ ಒಳಗೆ ಹಾರ್ಡ್ ಡಿಸ್ಕ್ ಇರುತ್ತದೆ, ತೆಗೆದ ನಕಲು ಅದರಲ್ಲೂ ಉಳಿಯಬಹುದು ಅಂದೆ, ಅವನು ಮಷಿನ್ ಕಡೆಗೆ ನೋಡಿದ, ಆಮೇಲೆ ನನ್ನ ಕಡೆಗೆ ನೋಡಿದ. ಅಲ್ಲಿಗೆ ಬಿಟ್ಟೆ.

2022ರ ಮೇ ಕೊನೆಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಕೊಟ್ಟಿತ್ತು, ನೆನಪಿದೆಯಾ? ಆಧಾರ್ ಝೆರಾಕ್ಸ್ ಸಿಕ್ಕವರಿಗೆಲ್ಲ ಕೊಡಬೇಡಿ, ಸೈಬರ್ ಕೆಫೆಯಲ್ಲಿ ಡೌನ್‌ಲೋಡ್ ಮಾಡಿದರೆ ಅಳಿಸಿ ಬನ್ನಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ ಅಂತ. ಜನ ಗಾಬರಿ ಬಿದ್ದರು, ಎರಡೇ ದಿನಕ್ಕೆ ಅದನ್ನು ವಾಪಸ್ ತಗೊಂಡರು. ಆದರೆ ಹೇಳಿದ್ದರಲ್ಲಿ ತಪ್ಪೇನಿತ್ತು? ಎಸ್ಆರ್ ಬಗ್ಗೆ ನಮಗೆ ಅಷ್ಟನ್ನೂ ಯಾರೂ ಹೇಳಿಲ್ಲ.

ಸಿರ್ಸಿಯಲ್ಲಿರುವ ಗೆಳತಿಗೆ ಇದೆಲ್ಲ ಹೇಳಿದೆ. ಅವಳು ಹೋಗುವ ಅಂಗಡಿಯಲ್ಲಿ ಕಂಪ್ಯೂಟರ್ ಪರದೆ ಗಿರಾಕಿಗೂ ಕಾಣುವ ಹಾಗೆ ತಿರುಗಿಸಿ ಇಟ್ಟಿದ್ದಾರಂತೆ, ಕೆಲಸ ಮುಗಿದ ಕೂಡಲೇ ಎದುರಿಗೇ ಅಳಿಸುತ್ತಾರಂತೆ, ಹಾಳಾದ ಹಾಳೆ ನಮ್ಮ ಕೈಗೇ ಕೊಡುತ್ತಾರಂತೆ. ಆದರೆ ಬೈಂಡಿಂಗ್ ಅಂದರೆ ಅಂಟು ಹಚ್ಚಿ ಟೇಪ್ ಸುತ್ತುವುದು, ಆರು ತಿಂಗಳಿಗೆ ಬಿಚ್ಚಿಕೊಳ್ಳುತ್ತದೆ. ಎರಡೂ ಒಂದೇ ಕಡೆ ಸಿಗುವ ಊರು ಇದೆಯೋ ಇಲ್ಲವೋ.

ಹಾಗಾದರೆ ಹೋಗಬೇಕಾ ಬೇಡವಾ? ಬೈಂಡಿಂಗ್‌ಗೆ ಖಂಡಿತ ಹೋಗಿ, ಅಜ್ಜನ ಕೈ ಇರುವಷ್ಟು ದಿನ ಹೋಗಿ. ಅಜ್ಜ ಕಾಗದ ಮೂಸುತ್ತಾರೆಯೇ ಹೊರತು ಓದುವುದಿಲ್ಲ. ಅರ್ಜಿ ತುಂಬಿಸಲೂ ಈ ಹುಡುಗನಿಗೆ ಸಮ ಇಲ್ಲ, ಗಂಡ ತೀರಿಕೊಂಡ ಹೆಂಗಸರು ಕುಟುಂಬ ಪಿಂಚಣಿ ಫಾರಂ ಹಿಡಿದು ಬಂದರೆ ಒಂದು ಪೈಸೆ ತಗೊಳ್ಳದೆ ತುಂಬಿ ಕೊಡುತ್ತಾನೆ, ಅದನ್ನು ಕಣ್ಣಾರೆ ನೋಡಿದ್ದೇನೆ. ಸ್ಕ್ಯಾನ್ ಬೇಕಿದ್ದರೆ ಪೆನ್‌ಡ್ರೈವ್ ನಿಮ್ಮದೇ ಒಯ್ಯಿರಿ, ಬೆಳಿಗ್ಗೆ ಹತ್ತಕ್ಕೇ ಗದ್ದಲ ಇಲ್ಲದಾಗ ಹೋಗಿ, ಕೆಟ್ಟ ಪ್ರಿಂಟ್ ಕೇಳಿ ತಗೊಳ್ಳಿ, ಅಳಿಸುವವರೆಗೆ ಕದಲಬೇಡಿ. ಲಾಗಿನ್ ಮಾತ್ರ ಮನೆಯಲ್ಲಿ ಮಕ್ಕಳ ಹತ್ತಿರ ಮಾಡಿಸಿ. ಕಚೇರಿಯವರು ಒಂದು ಟೋನರ್ ತರಿಸಿದ್ದರೆ ಈ ಅರ್ಧ ಕತೆ ಇರುತ್ತಲೇ ಇರಲಿಲ್ಲ ಅನ್ನಿ. ಬೈಂಡಿಂಗ್ 5, ಸ್ಕ್ಯಾನ್ 5, ದರ 4, ಗುಟ್ಟು ಕಾಯುವುದಕ್ಕೆ 1. ಆ ಒಂದೂ ಅವನ ಮುಖ ಸಣ್ಣದಾಯಿತಲ್ಲ, ಅದಕ್ಕೆ.

ಆ ಚೀಟಿ? ಮನೆಗೆ ಬಂದು ಬಚ್ಚಲ ಒಲೆಗೆ ಹಾಕಿದೆ. ಹಾಕುವ ಮೊದಲು ಅವರ ಸಾಲದ ಕಂತು ಎಷ್ಟು ಅಂತ ಕನ್ನಡಕ ಹಾಕಿಕೊಂಡು ಓದಿದ್ದೆ, ಸುಳ್ಳು ಯಾಕೆ ಹೇಳಲಿ. ಈಗಲೂ ನೆನಪಿದೆ.